ಪಠ್ಯದ ಫಿಶರ್, ಪೇಟೆಯ ಫಿಶರ್

ಬಿ.ಎ., ಬಿ.ಕಾಂ. ಓದಿದ ಯಾರನ್ನಾದರೂ ಕೇಳಿ, ಎಂವಿ = ಪಿಟಿ ಎಂಬ ಸಮೀಕರಣ ನೆನಪಿರುತ್ತದೆ. ಹಣದ ಪರಿಮಾಣ ಸಿದ್ಧಾಂತ. ಪರೀಕ್ಷೆಯಲ್ಲಿ ಬಂದೇ ಬರುವ ಪ್ರಶ್ನೆ. ಚಲಾವಣೆಯಲ್ಲಿರುವ ಹಣ, ಅದು ಕೈಯಿಂದ ಕೈಗೆ ಓಡಾಡುವ ವೇಗ, ಬೆಲೆಮಟ್ಟ, ವಹಿವಾಟು ಅಂತ ನಾಲ್ಕು ಅಕ್ಷರ ಬಿಡಿಸಿ, ಕೊನೆಗೆ ನಾಲ್ಕು ಟೀಕೆ ಸೇರಿಸಿ ಉತ್ತರ ಮುಗಿಸುತ್ತೇವೆ. ಇದನ್ನು ಮಂಡಿಸಿದವರು ಅರ್ವಿಂಗ್ ಫಿಶರ್ ಎಂದು ಮೊದಲ ಸಾಲಿನಲ್ಲಿ ಬರೆಯುತ್ತೇವೆ. ಆ ಮನುಷ್ಯ ಯಾರು, ಹೇಗೆ ಬದುಕಿದರು ಎಂದು ಕೇಳಿದರೆ ನಮ್ಮಲ್ಲಿ ಹೆಚ್ಚಿನವರ ಬಳಿ ಉತ್ತರ ಇರುವುದಿಲ್ಲ.

ಎಂ.ಕಾಂ. ಎರಡನೇ ವರ್ಷದ ಸೆಮಿನಾರ್‌ಗೆ ತಯಾರಾಗುವಾಗ ನಾನು ಅವರ ಜೀವನವನ್ನು ಓದಿದೆ. ಸಿದ್ಧಾಂತಕ್ಕಿಂತ ಹೆಚ್ಚಾಗಿ ಒಂದು ಸಂಗತಿ ನನ್ನನ್ನು ಹಿಡಿದು ನಿಲ್ಲಿಸಿತು. ಹಣದ ಬಗ್ಗೆ ಜಗತ್ತಿಗೇ ಪಾಠ ಹೇಳಿದ ಈ ಪ್ರೊಫೆಸರ್, ಏರುತ್ತಿದ್ದ ಒಂದು ತಂತ್ರಜ್ಞಾನ ಕಂಪನಿಯ ಷೇರನ್ನು ಮಾರದೆ ಹಿಡಿದಿಟ್ಟುಕೊಂಡು, ಸಾಲ ಮಾಡಿ ಇನ್ನಷ್ಟು ಕೊಂಡು, ತಮ್ಮ ಆಸ್ತಿಯನ್ನೂ ಬಂಧುಗಳ ಉಳಿತಾಯವನ್ನೂ ಕಳೆದುಕೊಂಡರು. ಅದು ಯಾರದೋ ಮಾತು ಕೇಳಿ ಕೊಂಡ ಷೇರಲ್ಲ. ಅವರೇ ಕಂಡುಹಿಡಿದ ವಸ್ತುವಿನಿಂದ ಬಂದ ಷೇರು. ಆ ಹೊತ್ತಿಗೆ ನನ್ನ ಡಿಮ್ಯಾಟ್ ಖಾತೆಯಲ್ಲೂ ಒಂದು ಐಟಿ ಕಂಪನಿಯ ಷೇರು ಏರುತ್ತಾ ಇತ್ತು. ಹಾಗಾಗಿ ಸೆಮಿನಾರ್ ಮುಗಿದ ಮೇಲೂ ಓದುವುದನ್ನು ಬಿಡಲಿಲ್ಲ.

ಫಿಶರ್ ಹುಟ್ಟಿದ್ದು 1867ರಲ್ಲಿ, ಅಮೆರಿಕದ ನ್ಯೂಯಾರ್ಕ್ ರಾಜ್ಯದ ಸಾಗರ್ಟೀಸ್ ಎಂಬ ಊರಲ್ಲಿ. ತಂದೆ ಚರ್ಚಿನ ಪಾದ್ರಿ. ಮಗ ಯೇಲ್ ವಿಶ್ವವಿದ್ಯಾಲಯ ಸೇರಬೇಕಿದ್ದ 1884ರಲ್ಲೇ ತಂದೆ ಕ್ಷಯರೋಗದಿಂದ ತೀರಿಕೊಂಡರು. 17ರ ಹುಡುಗನ ತಲೆಯ ಮೇಲೆ ತಾಯಿಯ ಮತ್ತು ತಮ್ಮನ ಜವಾಬ್ದಾರಿ ಬಿತ್ತು. ಫಿಶರ್ ಟ್ಯೂಷನ್ ಹೇಳಿಕೊಂಡು ಓದಿದರು. 1888ರಲ್ಲಿ ತರಗತಿಗೇ ಮೊದಲಿಗರಾಗಿ ಪದವಿ ಮುಗಿಸಿದರು. ಗಣಿತ ಅವರ ಪ್ರೀತಿಯ ವಿಷಯ. ಆದರೆ ಸಮಾಜಕ್ಕೆ ಹತ್ತಿರವಾದ ಏನನ್ನಾದರೂ ಮಾಡಬೇಕೆಂಬ ಆಸೆಯೂ ಇತ್ತು. ಎರಡನ್ನೂ ಸೇರಿಸಿ, ಬೆಲೆಗಳು ಹೇಗೆ ನಿರ್ಧಾರವಾಗುತ್ತವೆ ಎಂಬುದನ್ನು ಗಣಿತದಲ್ಲಿ ವಿವರಿಸುವ ಪ್ರಬಂಧ ಬರೆದರು. 1891ರಲ್ಲಿ ಅದಕ್ಕೆ ಪಿಎಚ್.ಡಿ. ಸಿಕ್ಕಿತು. ಯೇಲ್ ಅರ್ಥಶಾಸ್ತ್ರದಲ್ಲಿ ಕೊಟ್ಟ ಮೊದಲ ಪಿಎಚ್.ಡಿ. ಅದು. ಮಾರ್ಗದರ್ಶಕರಲ್ಲಿ ಒಬ್ಬರು ಭೌತವಿಜ್ಞಾನಿ ವಿಲ್ಲರ್ಡ್ ಗಿಬ್ಸ್. ಗಿಬ್ಸ್ ಹೆಸರು ವಿಜ್ಞಾನದ ವಿದ್ಯಾರ್ಥಿಗಳಿಗೆ ಗೊತ್ತಿರುತ್ತದೆ.

ಫಿಶರ್ ಬರೆದು ಬಿಡುವವರಲ್ಲ, ಮಾಡಿ ತೋರಿಸುವವರು. ನೀರಿನ ತೊಟ್ಟಿಗಳು, ಕೊಳವೆಗಳು, ಸನ್ನೆಗಳನ್ನು ಜೋಡಿಸಿ ಒಂದು ಯಂತ್ರವನ್ನೇ ಕಟ್ಟಿದರು. ಒಂದು ಕಡೆ ಅಡ್ಡಿ ಮಾಡಿದರೆ ಬೇರೆಲ್ಲ ತೊಟ್ಟಿಗಳಲ್ಲಿ ನೀರಿನ ಮಟ್ಟ ಬದಲಾಗಿ ಮತ್ತೆ ಸಮತೋಲನಕ್ಕೆ ಬರುತ್ತಿತ್ತು. ಒಂದು ವಸ್ತುವಿನ ಬೆಲೆ ಬದಲಾದರೆ ಇಡೀ ಮಾರುಕಟ್ಟೆ ಹೇಗೆ ಹೊಂದಿಕೊಳ್ಳುತ್ತದೆ ಎಂದು ವಿದ್ಯಾರ್ಥಿಗಳಿಗೆ ಕಣ್ಣಾರೆ ತೋರಿಸುವ ಉಪಾಯ ಇದು. ಕಂಪ್ಯೂಟರ್ ಎಂಬುದು ಇನ್ನೂ ಇಲ್ಲದ ಕಾಲದಲ್ಲಿ ಹೀಗೆ ಯೋಚಿಸಿದ್ದನ್ನು ಮೆಚ್ಚಲೇಬೇಕು. ಮಾರುಕಟ್ಟೆ ಕೊನೆಗೆ ಸಮತೋಲನಕ್ಕೆ ಬಂದೇ ಬರುತ್ತದೆ ಎಂಬ ನಂಬಿಕೆ ಅವರಲ್ಲಿ ಬೇರೂರಿದ್ದೂ ಆ ನೀರಿನ ತೊಟ್ಟಿಗಳಿಂದಲೇ ಇರಬೇಕು ಎಂದು ನನ್ನ ಊಹೆ.

1893ರಲ್ಲಿ ಮಾರ್ಗರೆಟ್ ಹ್ಯಾಜರ್ಡ್ ಅವರನ್ನು ಮದುವೆಯಾದರು. ಹೆಂಡತಿಯ ತವರು ರೋಡ್ ಐಲೆಂಡ್ ರಾಜ್ಯದ ಶ್ರೀಮಂತ ಕುಟುಂಬ. ನ್ಯೂ ಹೇವನ್ ಊರಿನ ಪ್ರಾಸ್ಪೆಕ್ಟ್ ರಸ್ತೆಯಲ್ಲಿ ಮಾವನ ಮನೆಯವರು ದೊಡ್ಡದೊಂದು ಮನೆ ಕಟ್ಟಿಸಿ ಉಡುಗೊರೆ ಕೊಟ್ಟರು. ಈ ಮನೆ ಮುಂದೆ ಮತ್ತೆ ಬರುತ್ತದೆ, ನೆನಪಿರಲಿ. 1898ರಲ್ಲಿ ಪೂರ್ಣ ಪ್ರೊಫೆಸರ್ ಆದರು. ಅದೇ ವರ್ಷ, ತಂದೆಯನ್ನು ಬಲಿ ತೆಗೆದುಕೊಂಡ ಕ್ಷಯ ಅವರಿಗೂ ಅಂಟಿತು. ಆಗ ಅದಕ್ಕೆ ಔಷಧಿ ಇರಲಿಲ್ಲ. ಒಳ್ಳೆಯ ಗಾಳಿ, ವಿಶ್ರಾಂತಿ, ಆಹಾರ ಇಷ್ಟೇ. ಮೂರು ವರ್ಷದಷ್ಟು ಕಾಲ ಪಾಠ ಬಿಟ್ಟು ಊರೂರು ಬದಲಿಸುತ್ತಾ ಬದುಕಿ ಉಳಿದರು. ಅಲ್ಲಿಂದ ಆರೋಗ್ಯ ಅವರಿಗೆ ಒಂದು ವ್ರತವೇ ಆಯಿತು. ಕುಡಿತವಿಲ್ಲ, ಸಿಗರೇಟಿಲ್ಲ, ಲೆಕ್ಕ ಹಾಕಿದ ಊಟ, ವ್ಯಾಯಾಮ. ಆರೋಗ್ಯದ ಬಗ್ಗೆ 1915ರಲ್ಲಿ ಇನ್ನೊಬ್ಬರ ಜೊತೆ ಬರೆದ ಪುಸ್ತಕ ಬಿಸಿ ದೋಸೆಯಂತೆ ಖರ್ಚಾಯಿತು. ಮದ್ಯನಿಷೇಧಕ್ಕಾಗಿ ದುಡಿದರು, ಲೀಗ್ ಆಫ್ ನೇಷನ್ಸ್‌ಗಾಗಿ ಭಾಷಣ ಮಾಡಿದರು. ಒಳ್ಳೆಯ ತಳಿಯ ಮನುಷ್ಯರನ್ನು ಬೆಳೆಸಬೇಕೆನ್ನುವ ಸುಜನನವಾದಕ್ಕೂ ಬೆಂಬಲ ಕೊಟ್ಟರು. ಅದನ್ನು ಇವತ್ತು ಯಾರೂ ಸಮರ್ಥಿಸಲಾರರು, ನಾನೂ ಸಮರ್ಥಿಸುವುದಿಲ್ಲ. ಒಂದು ವಿಷಯ ಸರಿ ಎಂದು ಅವರಿಗೆ ಮನದಟ್ಟಾದರೆ ಅನುಮಾನಕ್ಕೆ ಜಾಗವೇ ಇರುತ್ತಿರಲಿಲ್ಲ ಎನ್ನುವುದಕ್ಕೆ ಇವೆಲ್ಲ ಸಾಕ್ಷಿ.

ಪುಸ್ತಕಗಳೂ ಸಾಲಾಗಿ ಬಂದವು. 1907ರಲ್ಲಿ ಬಡ್ಡಿ ದರದ ಮೇಲೆ, 1911ರಲ್ಲಿ ಹಣದ ಕೊಳ್ಳುವ ಶಕ್ತಿಯ ಮೇಲೆ (ನಮ್ಮ ಎಂವಿ = ಪಿಟಿ ಇರುವುದು ಇದರಲ್ಲೇ), 1922ರಲ್ಲಿ ಸೂಚ್ಯಂಕಗಳ ಮೇಲೆ. ಸೂಚ್ಯಂಕದ ಪಾಠದಲ್ಲಿ ಬರುವ ಫಿಶರ್ ಆದರ್ಶ ಸೂಚ್ಯಂಕ ಇದೇ ಮಹಾಶಯರದು. ಲಾಸ್ಪೇರ್, ಪಾಷೆ ಎರಡನ್ನೂ ಗುಣಿಸಿ ವರ್ಗಮೂಲ ತೆಗೆಯುವ ಲೆಕ್ಕದಲ್ಲಿ ನಾವೆಲ್ಲ ಬೆವರಿದ್ದೇವೆ.

ಇಷ್ಟೆಲ್ಲ ಬರೆಯುವವರ ಮೇಜಿನ ಮೇಲೆ ಎಷ್ಟು ಟಿಪ್ಪಣಿ ಇರಬೇಡ. ಆ ಕಾಲದಲ್ಲಿ ಮಾಹಿತಿಯನ್ನೆಲ್ಲ ದಪ್ಪ ಕಾರ್ಡುಗಳಲ್ಲಿ ಬರೆದು ಪೆಟ್ಟಿಗೆಯಲ್ಲಿ ಒತ್ತೊತ್ತಾಗಿ ನಿಲ್ಲಿಸಿ ಇಡುತ್ತಿದ್ದರು. ನಮ್ಮ ಹಳೆಯ ಗ್ರಂಥಾಲಯಗಳಲ್ಲಿ ಈಗಲೂ ಅಂಥ ಮರದ ಡ್ರಾಯರ್‌ಗಳನ್ನು ನೋಡಬಹುದು. ಒಂದು ಕಾರ್ಡ್ ಬೇಕೆಂದರೆ ಬೆರಳಿಂದ ಒಂದೊಂದನ್ನೇ ಸರಿಸುತ್ತಾ ಹುಡುಕಬೇಕು. ಫಿಶರ್ ಇದಕ್ಕೆ ಪರಿಹಾರ ಹುಡುಕಿದರು. ಕಾರ್ಡುಗಳನ್ನು ಒಂದರ ಮೇಲೊಂದು ಸ್ವಲ್ಪ ಸ್ವಲ್ಪವೇ ಜರುಗಿಸಿ ಚೌಕಟ್ಟಿಗೆ ಸಿಕ್ಕಿಸಿದರೆ ಪ್ರತಿ ಕಾರ್ಡಿನ ಅಂಚಿನ ಒಂದು ಸಾಲು ಹೊರಗೆ ಕಾಣುತ್ತದೆ. ಹೆಸರುಗಳ ಪಟ್ಟಿಯ ಹಾಗೆ ಕಣ್ಣಾಡಿಸಿ, ಬೇಕಾದ್ದನ್ನು ಎತ್ತಿ ನೋಡಬಹುದು. ಹೊಸ ಕಾರ್ಡನ್ನು ನಡುವೆ ಸೇರಿಸಬಹುದು, ಹಳೆಯದನ್ನು ತೆಗೆಯಬಹುದು. ಇವತ್ತಿನ ಭಾಷೆಯಲ್ಲಿ ಹೇಳುವುದಾದರೆ ಅದೊಂದು ಡೇಟಾಬೇಸ್. ಸಾವಿರಾರು ಗ್ರಾಹಕರ ಲೆಕ್ಕ ಇಡಬೇಕಾದ ಕಚೇರಿಗಳಿಗೆ ಇದು ವರವಾಗುವುದರಲ್ಲಿ ಅನುಮಾನವಿರಲಿಲ್ಲ.

1913ರಲ್ಲಿ ಪೇಟೆಂಟ್ ಪಡೆದು, ಇಂಡೆಕ್ಸ್ ವಿಸಿಬಲ್ ಎಂಬ ಕಂಪನಿ ಮಾಡಿಕೊಂಡು, ಹೆಂಡತಿಯ ಕಡೆಯ ಹಣ ಹಾಕಿ ನ್ಯೂ ಹೇವನ್‌ನಲ್ಲೇ ತಯಾರಿಕೆ ಶುರು ಮಾಡಿದರು. ವರ್ಷಗಟ್ಟಲೆ ಹಣ ಹೋಗುತ್ತಲೇ ಇತ್ತು, ಬರುತ್ತಿರಲಿಲ್ಲ. ಸ್ಟಾರ್ಟಪ್ ಎಂದರೆ ಅಂದಿಗೂ ಇಂದಿಗೂ ಹೀಗೆಯೇ. ಕೊನೆಗೆ 1925ರಲ್ಲಿ ಇದೇ ಬಗೆಯ ವಸ್ತು ಮಾಡುತ್ತಿದ್ದ ಪ್ರತಿಸ್ಪರ್ಧಿ ರ‍್ಯಾಂಡ್ ಕಂಪನಿಯೊಂದಿಗೆ ವಿಲೀನವಾಯಿತು. ಫಿಶರ್ ಪಾಲಿಗೆ ಬಂದ ಮೊತ್ತವನ್ನು ಸುಮಾರು 6,60,000 ಡಾಲರ್ ಎನ್ನುತ್ತಾರೆ. 1927ರಲ್ಲಿ ಆ ಕಂಪನಿಯೂ ಟೈಪ್‌ರೈಟರ್ ತಯಾರಿಸುವ ರೆಮಿಂಗ್ಟನ್ ಕಂಪನಿಯೂ ಬೇರೆ ಕೆಲವೂ ಸೇರಿ ರೆಮಿಂಗ್ಟನ್ ರ‍್ಯಾಂಡ್ ಎಂಬ ದೈತ್ಯ ಕಂಪನಿ ಆಯಿತು. ರೆಮಿಂಗ್ಟನ್ ಹೆಸರು ನಮಗೆ ಹೊಸದಲ್ಲ. ನಮ್ಮ ತಾಲ್ಲೂಕು ಕಚೇರಿಗಳ ಮುಂದೆ, ಕೋರ್ಟಿನ ಆವರಣದಲ್ಲಿ, ಟೈಪಿಂಗ್ ಇನ್‌ಸ್ಟಿಟ್ಯೂಟ್‌ಗಳಲ್ಲಿ ಕಟಕಟ ಎನ್ನುತ್ತಿದ್ದ ಯಂತ್ರಗಳ ಮೇಲೆ ಅದನ್ನು ಓದಿದವರು ಬೇಕಾದಷ್ಟು ಜನ ಇದ್ದಾರೆ. ಫಿಶರ್ ಹೊಸ ಕಂಪನಿಯ ಆಡಳಿತ ಮಂಡಳಿಯಲ್ಲಿ ಕೂತರು. ಕೈಯಲ್ಲಿ ಅದರ ಷೇರುಗಳಿದ್ದವು.

ಆ ದಶಕದ ಷೇರುಪೇಟೆಯ ಬಗ್ಗೆ ಸ್ವಲ್ಪ ಹೇಳಬೇಕು. ರೇಡಿಯೊ, ವಿದ್ಯುತ್, ಮೋಟಾರು ಕಾರು, ಕಚೇರಿ ಯಂತ್ರಗಳು ಅಂದಿನ ಹೊಸ ತಂತ್ರಜ್ಞಾನ. ರೇಡಿಯೊ ಕಾರ್ಪೊರೇಷನ್ ಆಫ್ ಅಮೆರಿಕದ ಷೇರು 1928ರ ಒಂದೇ ವರ್ಷದಲ್ಲಿ 85 ಡಾಲರ್‌ನಿಂದ 420ಕ್ಕೆ ಏರಿತು. ಅದುವರೆಗೆ ಆ ಕಂಪನಿ ಒಂದು ಸಲವೂ ಡಿವಿಡೆಂಡ್ ಕೊಟ್ಟಿರಲಿಲ್ಲ! ಬೆಲೆಯ ಒಂದು ಪಾಲನ್ನು ಮಾತ್ರ ಕೈಯಿಂದ ಕೊಟ್ಟು ಉಳಿದದ್ದನ್ನು ಬ್ರೋಕರ್‌ನಿಂದ ಸಾಲ ಪಡೆದು ಷೇರು ಕೊಳ್ಳುವ ಪದ್ಧತಿ ಜೋರಾಗಿತ್ತು. ಕೊಂಡ ಷೇರೇ ಸಾಲಕ್ಕೆ ಅಡಮಾನ.

ರೆಮಿಂಗ್ಟನ್ ರ‍್ಯಾಂಡ್ ಷೇರೂ ಏರಿತು, ಕುಸಿತದ ಮುಂಚೆ 58 ಡಾಲರ್ ಮುಟ್ಟಿತ್ತು. ಕಾಗದದ ಮೇಲೆ ಫಿಶರ್ ಸುಮಾರು ಒಂದು ಕೋಟಿ ಡಾಲರ್‌ನ ಒಡೆಯರಾದರು. ಹಾಲಿ ಷೇರುದಾರರಿಗೆ ಗೊತ್ತುಪಡಿಸಿದ ಬೆಲೆಗೆ ಇನ್ನಷ್ಟು ಷೇರು ಕೊಳ್ಳುವ ಹಕ್ಕು ಸಿಗುತ್ತದಲ್ಲ, ನಮ್ಮಲ್ಲಿ ರೈಟ್ಸ್ ಎನ್ನುತ್ತೇವೆ, ಅಂಥ ಹಕ್ಕು ಅವರಿಗೂ ಇತ್ತು. ಅದನ್ನು ಬಳಸಲು ಹಣ ಬೇಕು. ಇರುವ ಷೇರಿನಲ್ಲಿ ಕಾಲು ಭಾಗ ಮಾರಿದ್ದರೂ ಹಣ ಸಿಗುತ್ತಿತ್ತು. ಅವರು ಮಾರಲಿಲ್ಲ, ಸಾಲ ಮಾಡಿದರು.

ಯಾಕೆ ಮಾರಲಿಲ್ಲ? ನಾನು ಬಹಳ ಯೋಚಿಸಿದ ಪ್ರಶ್ನೆ ಇದು. ದುರಾಸೆ ಎಂದು ಒಂದು ಮಾತಲ್ಲಿ ಮುಗಿಸಲು ನನಗೆ ಮನಸ್ಸಿಲ್ಲ. ಅವರ ಬಳಿ ಕಾರಣಗಳಿದ್ದವು, ಅದೂ ಒಳ್ಳೆಯ ಕಾರಣಗಳು. ಷೇರಿನ ಬೆಲೆ ಎಂದರೆ ಮುಂದೆ ಬರಲಿರುವ ಗಳಿಕೆಯ ಇಂದಿನ ಮೌಲ್ಯ ಎಂದು ಸ್ಪಷ್ಟವಾಗಿ ತೋರಿಸಿಕೊಟ್ಟವರಲ್ಲಿ ಅವರೇ ಪ್ರಮುಖರು. ಹೊಸ ಯಂತ್ರಗಳಿಂದ, ವೈಜ್ಞಾನಿಕ ನಿರ್ವಹಣೆಯಿಂದ, ಸಂಶೋಧನೆಯಿಂದ ಕಂಪನಿಗಳ ಗಳಿಕೆ ನಿಜವಾಗಿಯೂ ಏರುತ್ತಿತ್ತು. ಮದ್ಯನಿಷೇಧದಿಂದ ಕಾರ್ಮಿಕರು ಹೆಚ್ಚು ಚುರುಕಾಗಿದ್ದಾರೆ ಎಂಬುದನ್ನೂ ಅವರು ಲೆಕ್ಕಕ್ಕೆ ಹಿಡಿದರು. 1923ರಿಂದ ಪ್ರತಿ ವಾರ ಪತ್ರಿಕೆಗಳಿಗೆ ಬೆಲೆ ಸೂಚ್ಯಂಕ ಕೊಡುತ್ತಿದ್ದ ಸಂಸ್ಥೆ ಅವರದು, ಹಾಗಾಗಿ ಅಂಕಿಗಳು ಬೆರಳ ತುದಿಯಲ್ಲಿ. ಮೇಲಾಗಿ ಇದು ಅವರದೇ ಕಾರ್ಡು, ಅವರದೇ ಕಂಪನಿ. ನಷ್ಟದ ದಿನಗಳಲ್ಲಿ ಅವರು ಕೈ ಬಿಟ್ಟಿರಲಿಲ್ಲ, ಅದರ ಫಲ ಈಗ ಸಿಕ್ಕಿತ್ತು. ಹಿಡಿದಿಟ್ಟುಕೊಂಡವನಿಗೆ ಗೆಲುವು ಎಂದು ಸ್ವಂತ ಅನುಭವವೇ ಹೇಳಿಕೊಟ್ಟ ಮೇಲೆ ಯಾರು ತಾನೆ ಮಾರುತ್ತಾರೆ?

ನಮ್ಮ ಕರ್ನಾಟಕದಲ್ಲೂ ಇಂಥ ಗೆಲುವಿನ ಕಥೆಗಳನ್ನೇ ನಾವು ಕೇಳಿ ಬೆಳೆದಿದ್ದೇವೆ. 1993ರಲ್ಲಿ 95 ರೂಪಾಯಿಗೆ ಇನ್ಫೊಸಿಸ್ ಷೇರು ಬಿಡುಗಡೆಯಾದಾಗ ಕೊಳ್ಳುವವರೇ ಸಾಕಷ್ಟು ಇರಲಿಲ್ಲ. ಅಂದು ಕೊಂಡು ಸುಮ್ಮನೆ ಇಟ್ಟವರು ಏನಾದರು ಎಂಬ ಲೆಕ್ಕವನ್ನು ಕಾಲೇಜಿನ ಕ್ಯಾಂಟೀನಿನಲ್ಲಿ ಪ್ರತಿ ಬ್ಯಾಚಿನವರೂ ಹಾಕುತ್ತಾರೆ. ಆ ಕಥೆಗಳು ಸುಳ್ಳಲ್ಲ. ಆದರೆ ಅವುಗಳಲ್ಲಿ ಷೇರು ಪತ್ರ ಟ್ರಂಕಿನಲ್ಲಿ ಬೆಚ್ಚಗೆ ಮಲಗಿರುತ್ತದೆ. ಬೆಲೆ ಅರ್ಧಕ್ಕೆ ಇಳಿದ ವರ್ಷವೂ ಅದನ್ನು ಮಾರಿಸಲು ಯಾರೂ ಬಾಗಿಲು ಬಡಿಯುವುದಿಲ್ಲ. ಫಿಶರ್ ಷೇರುಗಳು ಹಾಗೆ ಮಲಗಿರಲಿಲ್ಲ. ಅವು ಸಾಲದ ಅಡಮಾನಕ್ಕೆ ಹೋಗಿದ್ದವು.

ನನ್ನ ವಿಷಯ ಇಲ್ಲಿ ಹೇಳುವುದು ಸರಿ. ಟ್ಯೂಷನ್ ಹೇಳಿ ಉಳಿಸಿದ ದುಡ್ಡಲ್ಲಿ 410 ರೂಪಾಯಿಯಂತೆ 40 ಷೇರು ಕೊಂಡಿದ್ದೆ. ಎರಡು ವರ್ಷದೊಳಗೆ ಬೆಲೆ 1,250 ದಾಟಿತು. ಹಾಸ್ಟೆಲ್‌ನಲ್ಲಿ ನನ್ನ ರೂಮ್‌ಮೇಟ್ ದಿನಾ ಬೆಳಿಗ್ಗೆ ನನ್ನ ಷೇರಿನ ಬೆಲೆಯನ್ನು ನನಗಿಂತ ಮೊದಲೇ ನೋಡುತ್ತಿದ್ದ. ಮಾರಬೇಡ ಮಾರಾಯ, ಇನ್ನೂ ಮೂರು ಪಟ್ಟು ಹೋಗುತ್ತೆ ಎನ್ನುವುದು ಅವನ ವಾದ. ಆ್ಯಪ್‌ನಲ್ಲೇ ಷೇರು ಅಡವಿಟ್ಟು ಸಾಲ ತೆಗೆದು ಇನ್ನೂ 40 ಕೊಳ್ಳಬಹುದು, ಎರಡು ನಿಮಿಷದ ಕೆಲಸ ಎಂದೂ ತೋರಿಸಿಕೊಟ್ಟ. ಅದೇ ತಿಂಗಳು ತಂಗಿಯ ನರ್ಸಿಂಗ್ ಕಾಲೇಜಿನ ಫೀಸಿಗೆ ಅಪ್ಪ 30,000 ರೂಪಾಯಿ ಹೊಂದಿಸಬೇಕಿತ್ತು. ಮೆಕ್ಕೆಜೋಳ ಇನ್ನೂ ಹೊಲದಲ್ಲಿತ್ತು. ಕೈಸಾಲ ತರುತ್ತೇನೆ, ನೀನು ತಲೆ ಕೆಡಿಸಿಕೊಳ್ಳಬೇಡ ಎಂದು ಅಪ್ಪ ಫೋನಿನಲ್ಲಿ ಹೇಳಿದರು.

ಆ ರಾತ್ರಿ ಫಿಶರ್ ಲೆಕ್ಕವನ್ನೇ ಒಂದು ಹಾಳೆಯಲ್ಲಿ ಬರೆದು ನೋಡಿದೆ. 58 ಡಾಲರ್‌ನ ಷೇರಿನಲ್ಲಿ ಅರ್ಧ, ಎಂದರೆ 29, ನನ್ನದು, ಉಳಿದ 29 ಸಾಲ ಎಂದಿಟ್ಟುಕೊಳ್ಳೋಣ. ಬೆಲೆ 28ಕ್ಕೆ ಇಳಿದರೆ ಷೇರು ಪೂರ್ತಿ ಮಾರಿದರೂ ಸಾಲ ತೀರುವುದಿಲ್ಲ. ಸಾಲವೇ ಇಲ್ಲದವನ ಬಳಿ ಅದೇ ದಿನ 28 ಡಾಲರ್‌ನ ಷೇರು ಇರುತ್ತದೆ, ಕಾಯಬೇಕೋ ಬಿಡಬೇಕೋ ಎಂಬುದು ಅವನ ಇಷ್ಟ. ಕಂಪನಿ ಒಂದೇ, ಬೆಲೆ ಒಂದೇ. ಹಿಡಿದಿಟ್ಟುಕೊಳ್ಳುವ ತೀರ್ಮಾನವನ್ನು ನಾವು ಮಾಡುತ್ತೇವೆ ಎಂದುಕೊಂಡಿರುತ್ತೇವೆ, ಸಾಲವಿದ್ದರೆ ಅದನ್ನು ಸಾಲ ಕೊಟ್ಟವನು ಮಾಡುತ್ತಾನೆ. ಆಮೇಲೆ ನನ್ನ ಷೇರಿಗೆ ಎರಡು ಪ್ರಶ್ನೆ ಹಾಕಿಕೊಂಡೆ. ಇದರಲ್ಲಿ ಬೇರೆ ಯಾವುದಕ್ಕೋ ಬೇಕಾದ ಹಣ ಎಷ್ಟಿದೆ? ಉಳಿದದ್ದು ಅರ್ಧಕ್ಕಿಳಿದರೆ ಮನೆಯಲ್ಲಿ ಏನು ಬದಲಾಗುತ್ತದೆ? ಮರುದಿನ 25 ಷೇರು ಮಾರಿದೆ. 31,000 ಚಿಲ್ಲರೆ ಬಂತು. ಫೀಸು ಕಟ್ಟಿದೆವು. 15 ಷೇರು ಇಟ್ಟುಕೊಂಡೆ. ಮುಂದಿನ ತಿಂಗಳು ಬೆಲೆ 1,400 ಆಯಿತು, ರೂಮ್‌ಮೇಟ್ ಒಂದು ವಾರ ಛೇಡಿಸಿದ. ಛೇಡಿಸಲಿ, ಅಪ್ಪ ಆ ಸಲ ಬಡ್ಡಿ ಕಟ್ಟಲಿಲ್ಲ.

ಮತ್ತೆ 1929ಕ್ಕೆ ಬರೋಣ. ಎಚ್ಚರಿಸುವವರು ಇರಲಿಲ್ಲವೆಂದಲ್ಲ. ರಾಜರ್ ಬ್ಯಾಬ್ಸನ್ ಎಂಬ ಇನ್ನೊಬ್ಬ ಮುನ್ಸೂಚಕ ಸೆಪ್ಟೆಂಬರ್ 5ರಂದು ಮಹಾಕುಸಿತ ಬರಲಿದೆ ಎಂದು ಭಾಷಣ ಮಾಡಿದರು, ಅಂದೇ ಪೇಟೆ ಸ್ವಲ್ಪ ಬಿತ್ತು. ಫಿಶರ್ ಇದನ್ನು ಒಪ್ಪಲಿಲ್ಲ. ಬ್ಯಾಬ್ಸನ್ ಅದಕ್ಕೂ ಮುಂಚಿನಿಂದ ಇದನ್ನೇ ಹೇಳುತ್ತಾ ಬಂದಿದ್ದರು, ಅವರನ್ನು ನಂಬಿ ಮೊದಲೇ ಮಾರಿದವರು ದೊಡ್ಡ ಏರಿಕೆಯನ್ನು ಕಳೆದುಕೊಂಡಿದ್ದರು. ಅಕ್ಟೋಬರ್ ನಡುವೆ ನ್ಯೂಯಾರ್ಕಿನ ಒಂದು ಸಭೆಯಲ್ಲಿ ಫಿಶರ್, ಷೇರು ಬೆಲೆಗಳು ಶಾಶ್ವತವಾಗಿ ಉಳಿಯುವ ಒಂದು ಎತ್ತರವನ್ನು ತಲುಪಿದಂತೆ ಕಾಣುತ್ತವೆ ಎಂಬ ಅರ್ಥದ ಮಾತಾಡಿದರು. ಮರುದಿನ ಪತ್ರಿಕೆಗಳಲ್ಲಿ ಅದು ಬಂತು. ನೂರು ವರ್ಷವಾಗುತ್ತಾ ಬಂದರೂ ಅರ್ಥಶಾಸ್ತ್ರಜ್ಞರನ್ನು ಗೇಲಿ ಮಾಡುವವರೆಲ್ಲ ಮೊದಲು ಎತ್ತಿಕೊಳ್ಳುವುದು ಈ ಮಾತನ್ನೇ. ಒಂಬತ್ತು ದಿನ ಕಳೆದು, ಅಕ್ಟೋಬರ್ 24ರ ಗುರುವಾರ ಪೇಟೆ ಕುಸಿಯಿತು. 29ರ ಮಂಗಳವಾರ ಮತ್ತೆ ಕುಸಿಯಿತು.

ರೆಮಿಂಗ್ಟನ್ ರ‍್ಯಾಂಡ್ ಷೇರು ಕೆಲವೇ ತಿಂಗಳಲ್ಲಿ 58ರಿಂದ 28ಕ್ಕೆ ಬಂತು. ಈಗಲಾದರೂ ಮಾರಿದ್ದರೆ ಏನೋ ಉಳಿಯುತ್ತಿತ್ತು ಎಂದು ನಮಗೆ ಅನ್ನಿಸುತ್ತದೆ. ಆದರೆ 58ರಲ್ಲಿ ಮಾರದವನಿಗೆ 28ರಲ್ಲಿ ಮಾರುವುದು ಇನ್ನೂ ಕಷ್ಟ, ಷೇರು ಇಟ್ಟುಕೊಂಡವರಿಗೆಲ್ಲ ಇದು ಗೊತ್ತು. ಪೇಟೆ ಚೇತರಿಸಿಕೊಳ್ಳುತ್ತದೆ ಎಂದು ಫಿಶರ್ ನಂಬಿದ್ದರು. 1930ರ ಆರಂಭದಲ್ಲಿ ಕುಸಿತದ ಬಗ್ಗೆಯೇ ಒಂದು ಪುಸ್ತಕ ತಂದು, ಮುಂದಿನ ದಿನಗಳ ಬಗ್ಗೆ ಭರವಸೆಯ ಮಾತನ್ನೇ ಬರೆದರು. ಸಾಲಗಾರರನ್ನು ಸಮಾಧಾನಪಡಿಸಲು ಹೆಂಡತಿಯ ಅಕ್ಕ ಕ್ಯಾರೊಲಿನ್ ಹ್ಯಾಜರ್ಡ್ ಬಳಿ ಸಾಲ ಕೇಳಿದರು. ಅವರು ವೆಲ್ಸ್‌ಲಿ ಕಾಲೇಜಿನ ಅಧ್ಯಕ್ಷೆಯಾಗಿದ್ದ ಮಹಿಳೆ. ಕೊಟ್ಟರು, ಮತ್ತೆ ಕೇಳಿದಾಗ ಮತ್ತೆ ಕೊಟ್ಟರು. ಡೌ ಜೋನ್ಸ್ ಸೂಚ್ಯಂಕ 1929ರ ಸೆಪ್ಟೆಂಬರ್‌ನಲ್ಲಿ 381 ಇದ್ದದ್ದು 1932ರ ಜುಲೈ ಹೊತ್ತಿಗೆ 41ಕ್ಕೆ ಇಳಿಯಿತು. ರೆಮಿಂಗ್ಟನ್ ರ‍್ಯಾಂಡ್ ಷೇರು ಒಂದು ಡಾಲರ್‌ವರೆಗೂ ಬಿತ್ತು. ತಂದೆ ಕಳೆದುಕೊಂಡದ್ದು 80 ಲಕ್ಷದಿಂದ ಒಂದು ಕೋಟಿ ಡಾಲರ್ ಎಂದು ಅವರ ಮಗ ಆಮೇಲೆ ಅಂದಾಜು ಮಾಡಿದರು. ಅದರಲ್ಲಿ ಹೆಂಡತಿಯದೂ ಬಂಧುಗಳದೂ ಸೇರಿತ್ತು.

ಮಾವನ ಮನೆಯವರು ಕಟ್ಟಿಸಿಕೊಟ್ಟಿದ್ದ ಮನೆಯೂ ಉಳಿಯಲಿಲ್ಲ. ಪ್ರೊಫೆಸರರು ಬೀದಿಗೆ ಬೀಳಬಾರದೆಂದು ಯೇಲ್ ವಿಶ್ವವಿದ್ಯಾಲಯವೇ ಆ ಮನೆ ಕೊಂಡು ಅವರಿಗೇ ಬಾಡಿಗೆಗೆ ಕೊಟ್ಟಿತು. 1935ರಲ್ಲಿ ನಿವೃತ್ತರಾದರು. ಕೆಲವು ವರ್ಷದ ನಂತರ ಬಾಡಿಗೆಯೂ ಭಾರವಾಗಿ ಮನೆ ಬಿಟ್ಟರು.

ಅವರ ಬದುಕಿನಲ್ಲಿ ನನಗೆ ಬಹಳ ಹಿಡಿಸಿದ ಭಾಗ ಇದರ ನಡುವೆಯೇ ಇದೆ. ಕೈಗೆ ಬಿದ್ದ ಪೆಟ್ಟನ್ನೇ ಅವರು ಅಧ್ಯಯನಕ್ಕೆ ತೆಗೆದುಕೊಂಡರು. 1933ರಲ್ಲಿ, ತಾವೇ ಮೊದಲ ಅಧ್ಯಕ್ಷರಾಗಿದ್ದ ಎಕನಾಮೆಟ್ರಿಕ್ ಸೊಸೈಟಿಯ ಪತ್ರಿಕೆಯಲ್ಲಿ, ಸಾಲ ಮತ್ತು ಬೆಲೆ ಕುಸಿತದ ನಂಟಿನ ಬಗ್ಗೆ ಲೇಖನ ಬರೆದರು. ವಾದ ಹೀಗಿದೆ. ಒಳ್ಳೆಯ ಕಾಲದಲ್ಲಿ, ಬಹಳ ಸಲ ಒಂದು ಹೊಸ ತಂತ್ರಜ್ಞಾನ ಹುಟ್ಟಿಸಿದ ಉತ್ಸಾಹದಲ್ಲಿ, ಎಲ್ಲರೂ ಸಾಲ ಮಾಡುತ್ತಾರೆ. ಏನೋ ಒಂದು ಕಾರಣಕ್ಕೆ ಹೆದರಿಕೆ ಶುರುವಾದರೆ ಸಾಲ ತೀರಿಸಲು ಎಲ್ಲರೂ ಒಟ್ಟಿಗೆ ಮಾರಲು ಓಡುತ್ತಾರೆ. ಎಲ್ಲರೂ ಮಾರಿದಾಗ ಬೆಲೆ ಇಳಿಯುತ್ತದೆ. ಬೆಲೆ ಇಳಿದಾಗ ಒಂದು ಡಾಲರ್ ದುಡಿಯಲು ಮೊದಲಿಗಿಂತ ಹೆಚ್ಚು ಸರಕು ಮಾರಬೇಕು, ಹೆಚ್ಚು ಬೆವರು ಸುರಿಸಬೇಕು. ಹಾಗಾಗಿ ತೀರಿಸುತ್ತಾ ಹೋದರೂ ಉಳಿದ ಸಾಲದ ಭಾರ ಏರುತ್ತದೆ. ಬೆಳೆ ಬೆಲೆ ಬಿದ್ದ ವರ್ಷ ಸಾಲ ತೀರಿಸಲು ಹೋದ ರೈತರಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಷೇರು ಹಿಡಿದದ್ದಕ್ಕಿಂತ ಸಾಲದಲ್ಲಿ ಹಿಡಿದದ್ದೇ ದೊಡ್ಡ ಅಪಾಯ ಎಂಬ ಈ ವಿವರಣೆಯ ಹಿಂದೆ ಯಾರ ಅನುಭವ ಇದೆ ಎಂದು ಲೇಖನ ಹೇಳುವುದಿಲ್ಲ. ನೀರಿನ ತೊಟ್ಟಿಯ ಯಂತ್ರದಲ್ಲಿ ಮಟ್ಟ ತಾನಾಗಿ ಸರಿಹೋಗುತ್ತಿತ್ತು. ಈ ಲೇಖನದಲ್ಲಿ ದೋಣಿ ಒಂದು ಮಿತಿ ಮೀರಿ ವಾಲಿದರೆ ತಾನಾಗಿ ನೇರವಾಗುವುದಿಲ್ಲ, ಮಗುಚಿಕೊಳ್ಳುತ್ತದೆ. ಒಂದು ಜೀವಮಾನದಲ್ಲಿ ಇಷ್ಟು ದೂರ ಬರಲು ಎಷ್ಟು ಜನ ವಿದ್ವಾಂಸರಿಗೆ ಸಾಧ್ಯ?

ಆ ಹೊತ್ತಿಗೆ ಫಿಶರ್ ಮಾತಿಗೆ ಬೆಲೆ ಇರಲಿಲ್ಲ. ಲೇಖನ ಹೆಚ್ಚು ಜನರನ್ನು ಮುಟ್ಟಲಿಲ್ಲ. ದಶಕಗಳ ನಂತರ, ಅದರಲ್ಲೂ 2008ರಲ್ಲಿ ಅಮೆರಿಕದ ಮನೆ ಸಾಲಗಳು ಮುಳುಗಿ ಬ್ಯಾಂಕುಗಳು ನಡುಗಿದ ಮೇಲೆ, ಅರ್ಥಶಾಸ್ತ್ರಜ್ಞರು ಅದನ್ನು ಮತ್ತೆ ತೆರೆದು ಓದಿದರು. ಅವರಿಗೆ ಸ್ವಲ್ಪ ನ್ಯಾಯ ಒದಗಿಸಿದ ಇನ್ನೊಂದು ಸಂಗತಿಯೂ ಇದೆ. 1988ರಲ್ಲಿ ಮೂವರು ಸಂಶೋಧಕರು, 1929ರಲ್ಲಿ ಲಭ್ಯವಿದ್ದ ಅಂಕಿ ಅಂಶಗಳನ್ನು ತಮ್ಮ ಕಾಲದ ಲೆಕ್ಕಾಚಾರದ ವಿಧಾನಗಳಿಗೆ ಕೊಟ್ಟು, ಮಹಾ ಆರ್ಥಿಕ ಕುಸಿತವನ್ನು ಮೊದಲೇ ಹೇಳಲು ಆಗುತ್ತಿತ್ತೇ ಎಂದು ಪರೀಕ್ಷಿಸಿದರು. ಆಗುತ್ತಿರಲಿಲ್ಲ ಎಂಬ ಉತ್ತರ ಬಂತು. ಹಾಗಾಗಿ ಬೆಲೆ ಬೀಳುವುದನ್ನು ಊಹಿಸಲಿಲ್ಲ ಎಂದು ಅವರನ್ನು ಗೇಲಿ ಮಾಡುವುದರಲ್ಲಿ ನನಗೆ ರುಚಿ ಇಲ್ಲ. ಬಿದ್ದರೆ ಏನು ಎಂಬ ಪ್ರಶ್ನೆಗೆ ಅವರು ಜಾಗ ಇಟ್ಟಿರಲಿಲ್ಲ, ಅಷ್ಟೇ.

1940ರಲ್ಲಿ ಹೆಂಡತಿ ತೀರಿಕೊಂಡರು. 1945ರಲ್ಲಿ ಕ್ಯಾರೊಲಿನ್ ಹ್ಯಾಜರ್ಡ್ ತೀರಿಕೊಂಡಾಗ, ತಂಗಿಯ ಗಂಡ ಕೊಡಬೇಕಿದ್ದ ಸಾಲವನ್ನೆಲ್ಲ ಅವರ ಉಯಿಲು ಮನ್ನಾ ಮಾಡಿತು. ಫಿಶರ್ ಕೊನೆಯವರೆಗೂ ಹೊಸ ಯೋಚನೆಗಳನ್ನು ಬಿಡಲಿಲ್ಲ. ಭೂಮಿಯನ್ನು ಇಪ್ಪತ್ತು ತ್ರಿಕೋನಗಳಾಗಿ ಬಿಡಿಸಿ ತೋರಿಸುವ ಭೂಪಟವನ್ನು 1943ರಲ್ಲಿ ಪ್ರಕಟಿಸಿದರು. 1947ರ ಏಪ್ರಿಲ್ 29ರಂದು, 80ನೆಯ ವಯಸ್ಸಿನಲ್ಲಿ, ನ್ಯೂಯಾರ್ಕಿನಲ್ಲಿ ಕ್ಯಾನ್ಸರ್‌ನಿಂದ ಕೊನೆಯುಸಿರೆಳೆದರು.

ಅವರು ಅಷ್ಟು ನಂಬಿದ್ದ ಕಂಪನಿ ಮುಳುಗಲಿಲ್ಲ. 1950ರಲ್ಲಿ ರೆಮಿಂಗ್ಟನ್ ರ‍್ಯಾಂಡ್, ಎಕರ್ಟ್ ಮತ್ತು ಮಾಕ್ಲಿ ಎಂಬ ಇಬ್ಬರು ಎಂಜಿನಿಯರ್‌ಗಳ ಕಂಪ್ಯೂಟರ್ ಕಂಪನಿಯನ್ನು ಕೊಂಡುಕೊಂಡಿತು. ಮರುವರ್ಷ ಅಮೆರಿಕದ ಜನಗಣತಿ ಇಲಾಖೆಗೆ ಯೂನಿವ್ಯಾಕ್ ಎಂಬ ಯಂತ್ರ ಕೊಟ್ಟಿತು. 1952ರ ಅಧ್ಯಕ್ಷೀಯ ಚುನಾವಣೆಯ ರಾತ್ರಿ ಟಿ.ವಿ. ವಾಹಿನಿಯೊಂದು ಯೂನಿವ್ಯಾಕ್‌ ಬಳಸಿ ಫಲಿತಾಂಶದ ಮುನ್ಸೂಚನೆ ಪಡೆಯಿತು. ಬೆರಳೆಣಿಕೆಯಷ್ಟು ಮತಗಳನ್ನು ಎಣಿಸಿದ್ದಾಗಲೇ ಐಸೆನ್‌ಹೋವರ್ ಭಾರಿ ಅಂತರದಲ್ಲಿ ಗೆಲ್ಲುತ್ತಾರೆ ಎಂದು ಯಂತ್ರ ಹೇಳಿತು. ವಾಹಿನಿಯವರು ನಂಬದೆ ಅದನ್ನು ತಡೆದಿಟ್ಟರು, ಆಮೇಲೆ ಅದೇ ನಿಜವಾಯಿತು. ಆ ಕಂಪನಿ ಮುಂದೆ ಸ್ಪೆರಿಯೊಂದಿಗೆ ಸೇರಿತು, ಅದು ಬರೋಸ್ ಜೊತೆ ಸೇರಿ 1986ರಲ್ಲಿ ಯೂನಿಸಿಸ್ ಆಯಿತು. ಯೂನಿಸಿಸ್‌ಗೆ ಬೆಂಗಳೂರಿನಲ್ಲೂ ಕಚೇರಿ ಇದೆ. ನಮ್ಮ ಸೀನಿಯರ್ ಒಬ್ಬರು ಹೋದ ವರ್ಷ ಅಲ್ಲಿಗೆ ಇಂಟರ್‌ವ್ಯೂಗೆ ಹೋಗಿ ಬಂದರು. ಅರ್ವಿಂಗ್ ಫಿಶರ್ ಬಗ್ಗೆ ಏನಾದರೂ ಕೇಳಿದರಾ ಎಂದು ನಾನು ವಿಚಾರಿಸಿದೆ. ಜಾವಾ ಕೇಳಿದರು ಎಂದರು.